ಮಗ್ಗದ ಗಂಟು

ಮುತ್ತಲಬಾವಿಯಲ್ಲಿ ಹಿಮ್ಮಡಿಯ ಮೇಲೆ ಏಳುವ ಗಂಟಿಗೆ ಮಗ್ಗದ ಗಂಟು ಎಂದು ಹೆಸರು. ಕುಣಿಮಗ್ಗದಲ್ಲಿ ಕೂತು ವರ್ಷಗಟ್ಟಲೆ ಕಾಲುಮಣೆ ತುಳಿದರೆ ಹಿಮ್ಮಡಿಯ ನರ ದಪ್ಪಗಾಗುತ್ತದೆ, ಬೆರಳ ಗೆಣ್ಣುಗಳ ಮೇಲೆ ಹಳದಿ ಬಟಾಣಿಯಂಥ ಗುಳ್ಳೆಗಳು ಕೂರುತ್ತವೆ ಎಂದು ಊರಿನವರು ನಂಬಿದ್ದರು. ಗಂಟು ದೊಡ್ಡದಾದಷ್ಟೂ ನೇಕಾರ ದೊಡ್ಡವನು. ಗಂಡು ನೋಡಲು ಬಂದವರು ಹುಡುಗನ ಹಿಮ್ಮಡಿ ಕಂಡು, ‘ದುಡಿಯೋ ಕಾಲು ಬಿಡ್ರಿ’ ಎಂದು ಮೆಚ್ಚಿ ಮಾತು ಮುಗಿಸಿ ಹೋದದ್ದೂ ಉಂಟು. ಒಂದು ದಿನವೂ ಮಗ್ಗದ ಕುಣಿಗೆ ಇಳಿಯದ ಮಕ್ಕಳಿಗೂ ಆ ಗಂಟು ಯಾಕೆ ಬರುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನೀಲಾಂಬಿಕಾ ಕೇಳಿದ್ದಳು. ಅವಳಿಗೆ ಒಂಬತ್ತು ವರ್ಷವಿದ್ದಾಗ ಅವಳ ಅಪ್ಪ ಖಣ ನೇಯುತ್ತ ನೇಯುತ್ತಲೇ, ಲಾಳಿ ಕೈಯಲ್ಲಿದ್ದ ಹಾಗೆಯೇ, ಮೆಲ್ಲಗೆ ಮುಂದಕ್ಕೆ ಬಾಗಿದ್ದ. ಕಡಿದ ಎಳೆ ಹುಡುಕುತ್ತಿದ್ದಾನೆಂದುಕೊಂಡು ಅವಳು ಅವನು ಏಳಲಿ ಎಂದು ಒಂದು ಗಳಿಗೆ ಕಾದಳು. ಅವನು ಏಳಲೇ ಇಲ್ಲ. ಅವನಿಗಾಗ ಮೂವತ್ತೆಂಟು. ಆ ಒಂದು ಗಳಿಗೆ ಅವಳ ಮೈಯಲ್ಲಿ ಎಂದೂ ಮುಗಿಯದೆ ಉಳಿಯಿತು. ಓದುವಾಗಲೂ, ಉಣ್ಣುವಾಗಲೂ, ಎದುರಿಗೆ ಕೂತವರ ಬೆರಳ ಗೆಣ್ಣುಗಳನ್ನು ಅವಳ ಕಣ್ಣು ತಾನಾಗಿ ನೋಡುತ್ತಿತ್ತು. ಮದುವೆಯಾಗಲಿಲ್ಲ. ಜೀವವಿಜ್ಞಾನದಲ್ಲಿ ಪದವಿ ಪಡೆದು ಜಿಲ್ಲಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಅವಳ ನಲವತ್ತನೆಯ ವಯಸ್ಸಿನಲ್ಲಿ ಒಂಟಿಸೂಜಿ ಬಂತು.

ಅದರ ನಿಜವಾದ ಹೆಸರು ಉದ್ದವಾಗಿತ್ತು. ಜೀವಮಾನಕ್ಕೆ ಒಂದೇ ಸಲ ಚುಚ್ಚಿಸಿಕೊಂಡರೆ ಸಾಕಾದ್ದರಿಂದ ಜನ ಒಂಟಿಸೂಜಿ ಎಂದರು. ನೀಲಾಂಬಿಕಾ ಅದನ್ನು ಊರೂರಿನಲ್ಲಿ ವಿವರಿಸುತ್ತಿದ್ದುದು ಹೀಗೆ: ರಕ್ತದಲ್ಲಿ ತೇಲುವ ಕೆಟ್ಟ ಕೊಬ್ಬನ್ನು ಲಿವರು ತನ್ನ ಮೈಮೇಲಿನ ಪುಟ್ಟ ಪುಟ್ಟ ಬಾಗಿಲುಗಳಿಂದ ಒಳಗೆಳೆದು ಕರಗಿಸುತ್ತದೆ. ಈ ಬಾಗಿಲುಗಳನ್ನು ಆಗಾಗ ಕಿತ್ತುಹಾಕುವ ಜೀನೂ ಒಂದಿದೆ. ಅದನ್ನು ಲಿವರಿನಲ್ಲಿ ಮುಚ್ಚಿಬಿಟ್ಟರೆ ಬಾಗಿಲುಗಳು ಉಳಿಯುತ್ತವೆ, ಕೊಬ್ಬು ಇಳಿಯುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬಾಗಿಲು ಮಾಡುವ ಜೀನೇ ಕೆಟ್ಟಿದೆ; ಮಗ್ಗದ ಗಂಟು ಆ ಕೊಬ್ಬಿನದೇ, ಹೃದಯ ನಿಲ್ಲಿಸುವುದೂ ಅದೇ. ಅಪ್ಪನಿಂದ ಬಂದದ್ದೋ ಅಮ್ಮನಿಂದ ಬಂದದ್ದೋ ಒಂದು ಪ್ರತಿ ಕೆಟ್ಟು, ಇನ್ನೊಂದು ಸರಿಯಿದ್ದರೆ ಅರ್ಧ ಬಾಗಿಲುಗಳಾದರೂ ಇರುತ್ತವೆ. ಆ ಅರ್ಧವನ್ನು ಒಂಟಿಸೂಜಿ ಕಾಯುತ್ತದೆ.

“ಎರಡೂ ಕೆಟ್ಟಿದ್ರ?” ಎಂದು ಯಾರಾದರೂ ಕೇಳುತ್ತಿದ್ದರು.

ಅಂಥವರಿಗೆ ಬೇರೆ ಸೀಸೆ ಇತ್ತು. ಔಷಧವನ್ನು ಲಿವರಿಗೆ ಒಯ್ಯುವುದು ಕೊಬ್ಬಿನದೇ ಒಂದು ಸಣ್ಣ ಹನಿ. ಅದು ಒಳಗೆ ಹೋಗುವುದೂ ಅದೇ ಬಾಗಿಲಿನಿಂದ. ಬಾಗಿಲು ತೆರೆಯದ ಮೈಯಲ್ಲಿ ಔಷಧ ಲಿವರು ಸೇರದೆ ರಕ್ತದಲ್ಲಿ ಅಲೆಯುತ್ತದೆ. ಹಾಗಾಗಿ ಎರಡೂ ಪ್ರತಿ ಕೆಟ್ಟವರಿಗೆ ಇನ್ನೊಂದು ದಾರಿಯಿಂದ ಒಳಹೋಗುವ ನೀಲಿ ಮುಚ್ಚಳದ ಸೀಸೆ. ಅದು ದುಬಾರಿ, ಬರುವುದೂ ಬೆರಳೆಣಿಕೆಯಷ್ಟು. ಉಳಿದವರೆಲ್ಲರಿಗೂ ಬಿಳಿ ಮುಚ್ಚಳ.

ಯಾರು ನೀಲಿ, ಯಾರು ಬಿಳಿ ಎಂದು ಗೊತ್ತು ಮಾಡುವುದೇ ತೊಡಕಾಗಿತ್ತು. ಕೊಬ್ಬಿನ ಸಂಖ್ಯೆ ಐನೂರು ದಾಟಿದವರು ನೀಲಿ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಮುನ್ನೂರರ ಆಸುಪಾಸಿನವರು ಯಾವ ಕಡೆಯವರೂ ಆಗಬಹುದಿತ್ತು. ಇಡೀ ಜಿಲ್ಲೆಯ ಜೀನು ಓದಿಸಲು ವರ್ಷಗಳೇ ಬೇಕಿದ್ದವು. ಆಗ ಯಾರಿಗೋ ಹೊಳೆದದ್ದು ಹೆಳವರ ಪುಸ್ತಕ.

ಹೆಳವರು ಮನೆತನಗಳ ವಂಶಾವಳಿ ಬರೆದಿಡುವವರು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದು ಅಂಗಳದಲ್ಲಿ ನಿಂತು, ಆ ಮನೆಯ ಹದಿನೈದು ತಲೆಯ ಹಿರಿಯರ ಹೆಸರನ್ನು ಉಸಿರು ಬಿಡದೆ ಹೇಳಿ, ಹೊಸದಾಗಿ ಹುಟ್ಟಿದವರ ವರ್ಷವನ್ನೂ, ಸತ್ತವರಿದ್ದರೆ ಅದರ ಪಕ್ಕದಲ್ಲಿ ಸತ್ತ ವರ್ಷವನ್ನೂ ಬರೆದುಕೊಂಡು ಹೋಗುತ್ತಾರೆ. ಮುತ್ತಲಬಾವಿಯ ಹೆಳವ ಭರಮಪ್ಪ. ಎತ್ತಿನ ಮೇಲೆ ಬರುತ್ತಿದ್ದವನು ಈಗ ಬ್ಯಾಟರಿ ಗಾಡಿಯಲ್ಲಿ ಬರುತ್ತಿದ್ದ; ಗಾಡಿಯ ಹ್ಯಾಂಡಲ್ಲಿಗೆ ಹಳೆಯ ಎತ್ತಿನ ಗೆಜ್ಜೆಸರ ಕಟ್ಟಿದ್ದ. ಪುಸ್ತಕ ಕೊಡಲು ಒಪ್ಪದ ಅವನ ಮನೆಗೆ ನೀಲಾಂಬಿಕಾ ನಾಲ್ಕು ಸಲ ಅಲೆದಿದ್ದಳು.

“ಪುಸ್ತಕ ಕೊಟ್ಟ ಮ್ಯಾಲ ನನ್ನ ಬಾಯಿ ಯಾರಿಗೆ ಬೇಕವಾ?” ಎಂದಿದ್ದ ಅವನು.

“ಬಾಯಿ ನಿನ್ನ ಹಂತ್ಯಾಕ ಇರಲಿ ಮುತ್ಯಾ. ನನಗ ಬರದದ್ದಷ್ಟ ಸಾಕು” ಎಂದಿದ್ದಳು ಇವಳು.

ಆ ಮಾತು ಅವಳಿಗೆ ಆಮೇಲೆ ಎಷ್ಟೋ ಸಲ ನೆನಪಾಯಿತು.

ಸುತ್ತಿನ ಹೆಳವರ ಪುಸ್ತಕಗಳನ್ನೆಲ್ಲ ಯಂತ್ರಕ್ಕೆ ಉಣಿಸಿದ್ದಾಯಿತು. ಯಂತ್ರ ಮನೆಮನೆಯ ವಂಶವೃಕ್ಷ ಬರೆಯಿತು. ಗಂಡ ಹೆಂಡಿರಿಬ್ಬರೂ ಒಂದೇ ಬೇರಿನವರಾಗಿದ್ದು, ಮಗುವಿನ ಕೊಬ್ಬಿನ ಸಂಖ್ಯೆ ಮುನ್ನೂರರ ಹತ್ತಿರವಿದ್ದರೆ ಆ ಮಗು ನೀಲಿ. ಬೇರೆ ಬೇರೆ ಬೇರಿನವರಾದರೆ ಬಿಳಿ. ಮುತ್ತಲಬಾವಿಯ ನಾನೂರ ಹನ್ನೆರಡು ವೃಕ್ಷಗಳನ್ನು ನೀಲಾಂಬಿಕಾ ಒಂದೊಂದಾಗಿ ಪುಸ್ತಕದ ಜೊತೆ ಹಿಡಿದು ನೋಡಿದಳು. ಒಂದು ಹೆಸರೂ ತಪ್ಪಿರಲಿಲ್ಲ. ಪ್ರತಿಯೊಂದರ ಕೆಳಗೂ ‘ಪರಿಶೀಲಿಸಿದೆ’ ಎಂದು ಸಹಿ ಮಾಡಿದಳು. ನೂರ ಹದಿನೇಳನೆಯದು ಅವಳದೇ ಮನೆಯದು.

ಮೂರು ವರ್ಷ ಹೀಗೆ ಸಿದ್ಧತೆಯಲ್ಲೇ ಕಳೆಯಿತು. ಮೊದಲ ಸುತ್ತಿನಲ್ಲಿ ಹದಿನಾಲ್ಕು ದಾಟಿದವರಿಗೆಲ್ಲ ಸೂಜಿಯಾಯಿತು. ನೀಲಾಂಬಿಕಾಳ ಸಂಖ್ಯೆ ಇನ್ನೂರ ನಲವತ್ತರಿಂದ ಎಂಬತ್ತಕ್ಕೆ ಇಳಿಯಿತು. ತಮ್ಮ ಮಹಾರುದ್ರನದೂ ಇಳಿಯಿತು, ಅವನ ಹೆಂಡತಿ ಶಿವಲೀಲಾಳದೂ ಇಳಿಯಿತು. ಮಹಾರುದ್ರನಿಗೆ ಮೂವತ್ತಾರು. ಅಪ್ಪನ ವಯಸ್ಸಿಗೆ ಇನ್ನೆರಡೇ ವರ್ಷ ಎಂದು ಒಳಗೊಳಗೇ ಎಣಿಸುತ್ತಿದ್ದ ಅಕ್ಕ, ಆ ದಿನ ಮೊದಲ ಬಾರಿಗೆ ಎಣಿಕೆ ಬಿಟ್ಟಳು.

*

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಪರದೆ. ಸೂಜಿ ಹಾಕಿಸಿಕೊಂಡ ಪ್ರತಿಯೊಬ್ಬರ ತೋಳಿಗೂ ಒಂದು ಪಟ್ಟಿ. ಅದು ವಾರಕ್ಕೊಮ್ಮೆ ಸಂಖ್ಯೆ ಓದಿ ಕಳಿಸುತ್ತಿತ್ತು. ಇಳಿದವರು ಹಸಿರು ಚುಕ್ಕೆ, ಇಳಿಯದವರು ಹಳದಿ. ಹಳದಿಯವರ ಹೆಸರಿನ ಪಕ್ಕ ಯಂತ್ರ ತಾನಾಗಿಯೇ ‘ಪಥ್ಯ ಮಾಡಿಲ್ಲ’ ಎಂದು ಬರೆಯುತ್ತಿತ್ತು.

ಮುತ್ತಲಬಾವಿಯಲ್ಲಿ ಹನ್ನೊಂದು ಹಳದಿ. ಎಲ್ಲರೂ ಹದಿನಾಲ್ಕರಿಂದ ಇಪ್ಪತ್ತೈದರ ಒಳಗಿನವರು. ಇಪ್ಪತ್ತಾರನೆಯ ದಿನ ಅವರಲ್ಲೊಬ್ಬಳು, ಹದಿನೇಳರ ಮಾದೇವಿ, ನೀರಿನ ಕೊಡ ಇಳಿಸುತ್ತಿದ್ದವಳು ಹಾಗೆಯೇ ಕುಸಿದಳು. ಮೂವತ್ತೆಂಟನೆಯ ದಿನ ಈರಣ್ಣ ಎಂಬ ಇಪ್ಪತ್ತೆರಡರ ಹುಡುಗ ಬಸ್ಸಿನಲ್ಲಿ ಕೂತಲ್ಲೇ ಹೋದ. ಪರದೆಯ ಮೇಲೆ ಎರಡು ಚುಕ್ಕೆ ಆರಿದವು. ಆರಿದ ಮೇಲೂ ‘ಪಥ್ಯ ಮಾಡಿಲ್ಲ’ ಎನ್ನುವುದು ಹಾಗೆಯೇ ಇತ್ತು.

“ಒಂದು ಊರಾಗ ಎರಡು ಅಂದ್ರ ಹೆಚ್ಚಾತಲ್ರಿ ಸರ್” ಎಂದಳು ನೀಲಾಂಬಿಕಾ, ಕೇಂದ್ರದ ಮುಖ್ಯಸ್ಥ ಡಾಕ್ಟರ್ ಅರಕೇರಿಯವರಿಗೆ.

ಅರಕೇರಿ ಕೆಟ್ಟ ಮನುಷ್ಯರಲ್ಲ. ಆರು ಮಂದಿ ಮಾಡುವ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. “ನಿಮ್ಮೂರು ಮೊದಲಿಂದಾನೂ ಹಂಗ ಅದ ಅಲ್ರೀ, ನೀಲಾ ಮೇಡಂ. ಅದಕ್ಕಂತ ನಾವು ಅಲ್ಲಿಗೆ ಮೊದಲ ಹೋದದ್ದು. ಮಾದೇವಿ ಪೋಸ್ಟ್‌ಮಾರ್ಟಮ್ ರಿಪೋರ್ಟು ಸೋಮವಾರ ಬರ್ತದ. ಬರಲಿ, ನೋಡೋಣ.”

“ಸೋಮವಾರ ಮಕ್ಕಳ ಶಿಬಿರ ಅದರಿ.”

“ಅದಕ ಏನಾತು? ಮಕ್ಕಳದು ಸುರು ಆಗೇದ ಅಂದ್ರ ಜನಕ್ಕ ಧೈರ್ಯ ಬರ್ತದ.”

ಅವಳು ಪರದೆಯ ಕಡೆ ತಿರುಗಿದಳು. ಹಸಿರು ಚುಕ್ಕೆಗಳು ಸಾವಿರಗಟ್ಟಲೆ ಇದ್ದವು; ಅವುಗಳಲ್ಲಿ ಒಂದು ಅವಳೇ.

*

ಭಾನುವಾರ ಊರಿಗೆ ಹೋದಾಗ ಶಿವಲೀಲಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳು ನೀಲಾಂಬಿಕಾಳ ಅಕ್ಕ ಗೌರವ್ವನ ಮಗಳು. ಹಾಲಳ್ಳಿಗೆ ಕೊಟ್ಟಿದ್ದ ಗೌರವ್ವ ತನ್ನ ಮಗಳನ್ನು ಮತ್ತೆ ತವರಿಗೇ, ತಮ್ಮ ಮಹಾರುದ್ರನಿಗೇ ಕೊಟ್ಟಿದ್ದಳು. ಆ ಊರಿನಲ್ಲಿ ಅದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. ಸೋದರಮಾವ ಇರುವಾಗ ಹೆಣ್ಣನ್ನು ಹೊರಗೆ ಕೊಟ್ಟರೆ ಅದು ಸುದ್ದಿ.

ಆರು ವರ್ಷದ ಕಸ್ತೂರಿ ತಾಟಿನ ಮುಂದೆ ಮುಖ ಊದಿಸಿಕೊಂಡು ಕೂತಿತ್ತು. ತಾಟಿನಲ್ಲಿ ಒಣ ರೊಟ್ಟಿ, ಎಣ್ಣೆ ಕಾಣದ ಪುಂಡಿಪಲ್ಯ.

“ಶೇಂಗಾ ಚಟ್ನಿ ಯಾಕ ಹಾಕಿಲ್ಲ ಮಗೀಗೆ?” ಎಂದಳು ನೀಲಾಂಬಿಕಾ.

“ಇದರದು ಮುನ್ನೂರ ನಲವತ್ತು ಬಂದೇತಿ ಚಿಗವ್ವ. ಮೂರು ತಿಂಗಳಾತು, ಮನಿಗೆ ಎಣ್ಣಿ ತಂದಿಲ್ಲ. ಹಾಲಿನ ಕೆನಿ ತೋರಸೂದಿಲ್ಲ. ಆದ್ರೂ ಮುನ್ನೂರ ನಲವತ್ತ. ದವಾಖಾನಿ ಆಶಾ ಬಾಯಿ ಬಂದು, ‘ಕದ್ದು ತಿನಸ್ತೀ ಏನವಾ’ ಅಂತ ಎಲ್ಲಾರ ಮುಂದ ಕೇಳಿದ್ಲು. ನನ್ನ ಕೂಸಿಗೆ ನಾ ಕದ್ದು ತಿನಸಲಿ?” ರೊಟ್ಟಿಯ ಮೇಲೆ ಅವಳ ಕೈ ಜೋರಾಗಿ ಬಿತ್ತು.

“ನಿನ್ನ ತವರಮನಿ ಚಟ್ನಿಗೆ ಈ ಮನಿ ದಾರಿ ತಿಳದೇತಿ ಬಿಡು” ಎಂದು ಮಹಾರುದ್ರ ಮಗ್ಗದ ಕುಣಿಯಿಂದಲೇ ನಕ್ಕ.

“ನಮ್ಮವ್ವ ಅಂದ್ರ ನಿಮ್ಮಕ್ಕನ ಅಲ್ಲೇನ? ಆಕೀ ಕೈಯಾಂದು ಚಟ್ನಿ. ಬೈಯೂದಿದ್ರ ನಿಮ್ಮಕ್ಕಗ ಬೈರಿ” ಎಂದಳು ಶಿವಲೀಲಾ.

ಕಸ್ತೂರಿ ಎದ್ದು ಬಂದು ನೀಲಾಂಬಿಕಾಳ ತೊಡೆಯ ಮೇಲೆ ಕೂತಿತು. ನೀಲಾಂಬಿಕಾಳ ಕೈ ತಾನಾಗಿ ಮಗುವಿನ ಹಿಮ್ಮಡಿಗೆ ಹೋಯಿತು. ಅಲ್ಲಿತ್ತು. ಅವರೆಕಾಳಿನಷ್ಟು, ಗಟ್ಟಿಯಾಗಿ. ಆರು ವರ್ಷಕ್ಕೇ.

“ಅತ್ತಿ, ಶಾಲ್ಯಾಗ ಟೀಚರ್ ನಮ್ಮ ಮನ್ಯಾಗ ಯಾರ್‍ಯಾರು ಅದೀರಿ ಬರ್ಕೊಂಡು ಬಾ ಅಂದಾರ. ನಿನ್ನ ಎರಡು ಸರೆ ಬರದೀನಿ.”

“ಎರಡು ಸರೆ ಯಾಕ? ನಾ ಒಬ್ಬಾಕಿನ ಅಲ್ಲೇನ?”

“ಅಪ್ಪನ ಅಕ್ಕ ಅಲ್ಲ ನೀನು? ಅದಕ್ಕ ಅತ್ತಿ. ಅವ್ವಗ ಚಿಗವ್ವ ಅಲ್ಲ? ಅದಕ್ಕ ಸಣ್ಣಾಯಿ. ಎರಡೂ ಕಡೆ ಬರದ್ರ ಟೀಚರ್ ಒಂದು ಹೊಡದು ಹಾಕಿದ್ರು. ಒಬ್ಬರದು ಒಂದ ಸರೆ ಬರೀಬೇಕಂತ.”

ಎಲ್ಲರೂ ನಕ್ಕರು. ನೀಲಾಂಬಿಕಾಳೂ ನಕ್ಕಳು.

ಹೊರಡುವಾಗ ಶಿವಲೀಲಾ ಬಾಗಿಲತನಕ ಬಂದಳು. ಮಾದೇವಿಯ ಮನೆ ಎದುರಿಗೇ ಇತ್ತು, ಬಾಗಿಲು ಮುಚ್ಚಿತ್ತು. “ಚಿಗವ್ವ, ಹೆಣಮಕ್ಕಳು ಯಾರೂ ತಮ್ಮ ಕೂಸಿಗೆ ಹಾಕಸಾಕ ಒಲ್ಲೆ ಅಂತಾರ. ನೀ ಒಂದು ಮಾತು ಹೇಳು. ಹಾಕಸಲೇನ ಬ್ಯಾಡೇನ?”

ಮಾತಾಡುವ ಮೊದಲು ಹತ್ತು ಸಲ ಯೋಚಿಸುವವಳು ನೀಲಾಂಬಿಕಾ. ಆಗಲೂ ಯೋಚಿಸಿದಳು. ಅಪ್ಪ, ಬಾಗಿದ ಅಪ್ಪನ ಬೆನ್ನು, ಈಗಷ್ಟೇ ಬೆರಳಿಗೆ ತಾಗಿದ ಗಂಟು. ಮುನ್ನೂರ ನಲವತ್ತು ಇಟ್ಟುಕೊಂಡು ಈ ಮಗು ಇಪ್ಪತ್ತು ಕಾಣುವುದಿಲ್ಲ.

“ಹೆದರಬ್ಯಾಡ. ಮೊದಲನೇದಾಕಿಯಾಗಿ ನಿಲ್ಲಸು” ಎಂದಳು.

*

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೊಠಡಿಗೆ ಬಂದವಳು ಚಹಾ ತರಿಸಿಕೊಂಡು ಪರದೆಯ ಮುಂದೆ ಕೂತಳು. ಉಳಿದ ಒಂಬತ್ತು ಹಳದಿ ಚುಕ್ಕೆಗಳು ಹಾಗೆಯೇ ಇದ್ದವು. ಟೀಚರು ಹೊಡೆದು ಹಾಕಿದ ಸಣ್ಣಾಯಿಯನ್ನು ನೆನೆದು ಅವಳಿಗೆ ಮತ್ತೆ ನಗು ಬಂತು. ಯಂತ್ರ ನನ್ನನ್ನು ಅತ್ತಿ ಎಂದು ಬರೆದಿದೆಯೋ ಅಜ್ಜಿಯ ಸಾಲಿನ ಆಯಿ ಎಂದೋ? ತಮಾಷೆಗೆಂದೇ ಅವಳು ನೂರ ಹದಿನೇಳನೆಯ ವೃಕ್ಷ ತೆರೆದಳು.

ಅಪ್ಪನ ಹೆಸರು. ಅದರ ಕೆಳಗೆ, ಭರಮಪ್ಪನ ಪುಸ್ತಕದಲ್ಲಿ ಇದ್ದ ಹಾಗೆಯೇ: ‘ಗಂಡು ಒಂದು, ಮಹಾರುದ್ರ. ಹೆಣ್ಣು ಎರಡು, ಕೊಟ್ಟದ್ದು ಒಂದು, ಉಳಿದದ್ದು ಒಂದು.’ ಉಳಿದದ್ದು ತಾನು. ಕೊಟ್ಟದ್ದು ಗೌರವ್ವ. ಇಬ್ಬರಿಗೂ ಹೆಸರಿರಲಿಲ್ಲ. ಹೆಣ್ಣಿನ ಹೆಸರನ್ನು ಆ ಪುಸ್ತಕದಲ್ಲಿ ಬರೆಯುವ ರೂಢಿಯಿಲ್ಲ. ಮಹಾರುದ್ರನ ಪಕ್ಕದಲ್ಲಿ: ‘ಸೊಸೆ, ಹಾಲಳ್ಳಿಯಿಂದ, ಏಣಿ ಬೆಡಗು.’ ಬೆಡಗೆಂದರೆ ಅಪ್ಪನಿಂದ ಮಕ್ಕಳಿಗೆ ಇಳಿಯುವ ಕುಲ.

ಅವಳು ಹಾಲಳ್ಳಿಯ ಗೆರೆ ಹಿಡಿದು ಹೋದಳು. ಅದು ಇನ್ನೊಬ್ಬ ಹೆಳವನ ಪುಸ್ತಕ. ಶಿವಲೀಲಾಳ ಅಪ್ಪ, ಅವನಪ್ಪ, ಅವನಪ್ಪ, ಹದಿಮೂರು ತಲೆಯವರೆಗೂ ಏಣಿ ಬೆಡಗಿನ ಗಂಡಸರು. ಶಿವಲೀಲಾಳ ಅಪ್ಪನ ಪಕ್ಕದಲ್ಲಿ: ‘ಸೊಸೆ, ಮುತ್ತಲಬಾವಿಯಿಂದ.’ ಅಷ್ಟೇ. ಒಂದು ಪುಸ್ತಕದಿಂದ ಹೆಸರಿಲ್ಲದೆ ಹೊರಟ ಗೌರವ್ವ ಇನ್ನೊಂದು ಪುಸ್ತಕಕ್ಕೆ ಹೆಸರಿಲ್ಲದೆ ಬಂದಿದ್ದಳು. ಎರಡು ಪುಸ್ತಕಗಳ ನಡುವೆ ಅವಳು ಇಲ್ಲವೇ ಇಲ್ಲ.

ಯಂತ್ರ ಮಗುವಿನ ಹೆಸರನ್ನು ಶಿಬಿರದ ಪಟ್ಟಿಯಿಂದ ತೆಗೆದುಕೊಂಡು ಕೆಳಗೆ ತನ್ನ ತೀರ್ಮಾನ ಬರೆದಿತ್ತು: ‘ಬೇರೆ ಬೇರೆ ಬೇರು. ಮಗು ಕಸ್ತೂರಿ. ಬಿಳಿ.’ ಅದರ ಕೆಳಗೆ ಅವಳ ಸಹಿ.

ಶಿವಲೀಲಾಳ ಮದುವೆಯಲ್ಲಿ ಅರಿಸಿನ ಹಚ್ಚಿದ್ದು ಅವಳು. ಊಟಕ್ಕೆ ಬಡಿಸಿದ್ದು ಅವಳು. ಅಕ್ಕನ ಮಗಳು ತಮ್ಮನ ಹೆಂಡತಿ ಎನ್ನುವುದು ಅವಳಿಗೆ ತನ್ನ ಹೆಸರಿನಷ್ಟೇ ಗೊತ್ತಿತ್ತು. ಆದರೂ ಸಹಿ ಮಾಡುವ ಹೊತ್ತಿಗೆ ಅದು ಕಾಣಲಿಲ್ಲ. ಕೊಟ್ಟ ಹೆಣ್ಣು ಕೊಟ್ಟ ಮನೆಯವಳು. ಅವಳ ಮಗಳು ಬೇರೆ ಬೆಡಗಿನವಳು. ಹೆಳವ ಹಾಗೆ ಬರೆದಿದ್ದ, ಊರು ಹಾಗೆ ನಂಬಿತ್ತು, ಓದಿದ ಅವಳೂ ಹಾಗೆಯೇ ಓದಿದ್ದಳು.

ಚಹಾ ಹಾಗೆಯೇ ಉಳಿಯಿತು. ಅವಳು ಹನ್ನೊಂದು ಹಳದಿಯವರ ವೃಕ್ಷಗಳನ್ನು ತೆರೆದಳು. ಈ ಸಲ ಪುಸ್ತಕವನ್ನು ಬದಿಗಿಟ್ಟು ತನ್ನ ನೆನಪಿನಿಂದ ನೋಡಿದಳು. ಮಾದೇವಿ: ಅವಳವ್ವ ಅವಳಪ್ಪನ ಅಕ್ಕನ ಮಗಳು. ಈರಣ್ಣ: ಅವನವ್ವ ಅವನಪ್ಪನ ಸೋದರಮಾವನ ಮಗಳು. ಮೂರನೆಯವಳು, ಅಕ್ಕನ ಮಗಳ ಮಗಳು. ನಾಲ್ಕನೆಯವನು. ಐದನೆಯವಳು. ಹನ್ನೊಂದಕ್ಕೆ ಹನ್ನೊಂದೂ.

ಅವರು ಪಥ್ಯ ಮಾಡಿದ್ದರು. ಬಾಗಿಲೇ ಇರಲಿಲ್ಲ.

ಡಾಕ್ಟರ್ ಅರಕೇರಿ ತಮ್ಮ ಕೋಣೆಯಲ್ಲಿ ಒಂದು ಕಾಗದ ಹಿಡಿದು ನಿಂತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ ಮೊದಲು ಕೇಳಿದ್ದು, “ಕೆಳಗ ನಿಮ್ಮ ಸಹಿ ಅದ ಅಲ್ರೀ?”

“ಅದರಿ ಸರ್. ಅದಕ್ಕ ನಾನ ಬಂದು ಹೇಳಾಕತ್ತೀನಿ.”

ಅವರು ಕಾಗದವನ್ನು ಅವಳ ಕಡೆ ತಿರುಗಿಸಿದರು. ಮಾದೇವಿಯ ರಿಪೋರ್ಟು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ನುಂಗಿ ಉಬ್ಬಿ ಕೂರುವ ಕಣಗಳಿರುತ್ತವೆ. ದಾರಿ ಸಿಗದೆ ಅಲೆಯುತ್ತಿದ್ದ ಔಷಧದ ಹನಿಗಳನ್ನೂ ಅವು ಕೊಬ್ಬೆಂದೇ ನುಂಗಿದ್ದವು. ನುಂಗಿ ಒಡೆದಿದ್ದವು. ಹೃದಯದ ಬಾಯಿಯಲ್ಲೇ.

“ಔಷಧ ಒಳಗ ಹೋಗಿಲ್ಲ ಅಂದ್ರ ಸುಮ್ಮನ ಹೊರಗ ಹೋಗ್ತದ ಅಂತ ತಿಳದಿದ್ವಿ” ಎಂದರು ಅರಕೇರಿ. “ಕೊಬ್ಬು ಎಲ್ಲಿ ಹೋಗ್ತದೋ ಅಲ್ಲೇ ಹೋಗೇದ ನೋಡ್ರಿ.”

“ಇವತ್ತು ಎಷ್ಟು ಊರಾಗ ಮಕ್ಕಳ ಶಿಬಿರ ಅದರಿ?”

“ಮೂವತ್ತೆರಡು. ಒಂಬತ್ತಕ್ಕ ಸುರು.”

ಗೋಡೆಯ ಗಡಿಯಾರದಲ್ಲಿ ಎಂಟೂ ಐವತ್ತು. ಅರಕೇರಿ ಫೋನು ಎತ್ತಿಕೊಂಡರು. ಅವಳು ಮಹಾರುದ್ರನಿಗೆ ಮಾಡಿದಳು, ಎತ್ತಲಿಲ್ಲ. ಶಿವಲೀಲಾ ಎತ್ತಲಿಲ್ಲ. ಶಿಬಿರದ ನರ್ಸು ಎತ್ತಿದಳು. “ಮೇಡಂ, ಇಲ್ಲಿ ಗದ್ದಲ ಭಾಳ ಅದರಿ, ಕೇಳಿಸವಲ್ದು. ಬಂದ್ ಮಾಡ್ಬೇಕಂದ್ರ ಮಷೀನ್‌ನ್ಯಾಗ ಆರ್ಡರ್ ಬರಬೇಕ್ರಿ” ಎಂದು ಇಟ್ಟಳು. ನಿಲ್ಲಿಸುವ ಆದೇಶಕ್ಕೆ ಯಂತ್ರ ಕಾರಣ ಕೇಳಿತು. ಮಳೆ, ವಿದ್ಯುತ್ ಇಲ್ಲ, ಸಿಬ್ಬಂದಿ ಇಲ್ಲ, ಸೀಸೆ ಇಲ್ಲ: ನಾಲ್ಕೇ ಕಾರಣಗಳು. ಅವಳು ‘ಸೀಸೆ ಇಲ್ಲ’ ಒತ್ತಿದಳು. ಸೀಸೆಗಳು ಇವೆ ಎಂದು ಯಂತ್ರ ಅದನ್ನು ತಿರಸ್ಕರಿಸಿತು.

ಅವಳು ಕೇಂದ್ರದ ಜೀಪು ಹತ್ತಿದಳು.

*

ನಲವತ್ತು ನಿಮಿಷದ ದಾರಿ. ಸಮುದಾಯ ಭವನದ ಮುಂದೆ ತಳಿರು ತೋರಣ ಕಟ್ಟಿದ್ದರು. ಅಂಗಳದಲ್ಲಿ ಭರಮಪ್ಪ ಪೇಟ ಸುತ್ತಿಕೊಂಡು, ಪುಸ್ತಕ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನ ಪುಸ್ತಕದಿಂದ ಇಷ್ಟೆಲ್ಲ ಆಯಿತೆಂದು ಅವನಿಗೆ ಶಾಲು ಹೊದಿಸುವ ಕಾರ್ಯಕ್ರಮವಿತ್ತು. ಮಕ್ಕಳ ಸಾಲು ಬಾಗಿಲು ದಾಟಿ ಬೇವಿನ ಮರದವರೆಗೆ ಬೆಳೆದಿತ್ತು.

“ಅತ್ತಿ!”

ಕಸ್ತೂರಿ ಓಡಿ ಬಂದಿತು. ಹೊಸ ಪರಕಾರ ಉಟ್ಟಿತ್ತು. ಎಡದ ತೋಳಿನಲ್ಲಿ ಹತ್ತಿ, ಬಲದ ತೋಳಿನಲ್ಲಿ ಪಟ್ಟಿ. ಅಂಗೈ ಬಿಚ್ಚಿ ತೋರಿಸಿತು. ಬಿಳಿ ಮುಚ್ಚಳ.

“ನಾನ ಮೊದಲನೇದಾಕಿ. ನಾ ಒಟ್ಟ ಅಳಲಿಲ್ಲ ನೋಡು. ಅದಕ್ಕ ನರ್ಸ್ ಅಕ್ಕೋರು ಇದನ್ನ ಆಡಾಕ ಕೊಟ್ರು.”

ಹಿಂದೆಯೇ ಮಹಾರುದ್ರ ಬಂದ, ಮೀಸೆಯ ಮೇಲೆ ಕೈ. “ಯಾರೂ ಮುಂದ ಬರವಲ್ರಾಗಿದ್ರಕ್ಕ. ನಮ್ಮಕ್ಕ ಹೇಳ್ಯಾಳ ಅಂತ ನನ್ನ ಮಗಳನ್ನ ಮೊದಲ ಕುಂಡ್ರಿಸಿದೆ. ಆಮ್ಯಾಲ ನೋಡು, ಹೆಂಗ ಸಾಲು ಹಚ್ಯಾರ!”

ನೀಲಾಂಬಿಕಾ ತಮ್ಮನ ಮುಖವನ್ನು, ಮಗುವಿನ ಅಂಗೈಯನ್ನು ನೋಡುತ್ತ ನಿಂತಳು. ಒಂದು ಗಳಿಗೆ. ಹಿಂದೊಮ್ಮೆ ಮಗ್ಗದ ಪಕ್ಕದಲ್ಲಿ ನಿಂತದ್ದೂ ಹೀಗೆಯೇ. ಈ ಸಲ ಅವಳು ಆ ಗಳಿಗೆಯನ್ನು ಮುಗಿಸಿದಳು.

“ಎಷ್ಟು ಮಂದೀದಾತು?” ಎಂದು ಒಳಗೆ ಹೋಗಿ ನರ್ಸನ್ನು ಕೇಳಿದಳು.

“ಹದಿನಾಲ್ಕು ಆಗೇದರಿ.”

“ಸೂಜಿ ಕೆಳಗಿಡು. ಆರ್ಡರ್ ನನ್ನ ಬಾಯಿಲೆ ಬಂದೇತಿ ಅಂತ ಬರ್ಕೋ.”

ಹೊರಗೆ ಬಂದು ಭರಮಪ್ಪನ ಮುಂದೆ ನೆಲದ ಮೇಲೆ ಕೂತಳು. “ಮುತ್ಯಾ, ಪುಸ್ತಕ ಮುಚ್ಚು. ಬಾಯಿಲೆ ಹೇಳು. ಈ ಸಾಲಿನ್ಯಾಗಿನ ಕೂಸುಗಳ ಅವ್ವದೇರು ಯಾರ್‍ಯಾರ ಹೊಟ್ಟಿಯಾಗ ಹುಟ್ಟಿದವರು?”

“ಹೆಣ್ಣಿನ ಕಡೀದೇನವಾ?” ಮುದುಕನಿಗೆ ಆಶ್ಚರ್ಯ. “ಅದನ್ನ ಬರಿಯೂದಿಲ್ಲ. ನಮ್ಮವ್ವ ಬಾಯಿಪಾಠ ಮಾಡಿಸಿದ್ಲು. ಯಾರೂ ಕೇಳೂದಿಲ್ಲ ಅದನ್ನ.”

“ನಾ ಕೇಳಾಕತ್ತೀನಿ.”

ಅವನು ಕಣ್ಣು ಮುಚ್ಚಿದ. ಆಮೇಲೆ ಹೇಳತೊಡಗಿದ. ಇವಳು ಇಂಥವಳ ಮಗಳು, ಅವಳು ಇಂಥವಳ ಮಗಳು, ಹೊರಗೆ ಹೋದದ್ದು ಇಂಥ ಊರಿಗೆ, ತಿರುಗಿ ಬಂದದ್ದು ಇಂಥ ಮನೆಗೆ. ಅವನ ಧ್ವನಿಯಲ್ಲಿ ನೂರಾರು ಹೆಣ್ಣುಗಳ ಹೆಸರು ಒಂದರ ಹಿಂದೊಂದು ಬಂದವು, ಸಂಜೆ ಮನೆಗೆ ತಿರುಗುವ ದನಗಳ ಹಾಗೆ. ನೀಲಾಂಬಿಕಾ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಸಾಲಿನಿಂದ ಹೊರಗೆ ಕರೆದಳು.

“ಯವ್ವಾ, ನಮ್ಮ ಹುಡುಗನ್ನ ಯಾಕ ಎಬ್ಬಸ್ತೀ? ಮಾವನ ಮಗಳನ್ನ ಮಾಡ್ಕೊಂಡ್ರ ತಪ್ಪಾತೇನ? ಲೋಕದಾಗ ಇಲ್ಲದ್ದೇನ?” ಎಂದು ಒಬ್ಬಳು ಜಗಳಕ್ಕೆ ನಿಂತಳು.

“ತಪ್ಪು ನಿನ್ನದಲ್ಲಕ್ಕ. ನಂದು” ಎಂದಳು ನೀಲಾಂಬಿಕಾ.

ಅರ್ಧ ಗಂಟೆಯಲ್ಲಿ ಇಪ್ಪತ್ತಮೂರು ಮಕ್ಕಳು ಬೇವಿನ ಮರದ ಕೆಳಗಿದ್ದರು. ಉಳಿದ ಸಾಲನ್ನೂ ಮನೆಗೆ ಕಳಿಸಿದಳು. ಸೂಜಿಯಾದ ಹದಿನಾಲ್ಕು ಮಕ್ಕಳಲ್ಲಿ ಹದಿಮೂರು ಮಂದಿಯ ತಾಯಂದಿರು ರಕ್ತಸಂಬಂಧವಿಲ್ಲದ ಹೊರಗಿನ ಮನೆಗಳಿಂದ ಬಂದವರೇ. ಭರಮಪ್ಪ ಎರಡೆರಡು ಸಲ ಹೇಳಿ ನೋಡಿದ. ಹದಿಮೂರೂ ಸರಿ. ಧೈರ್ಯ ಕೊಡಲೆಂದು ಎಲ್ಲರಿಗಿಂತ ಮೊದಲು ಕೂರಿಸಿದ್ದ ಒಂದು ಮಗು ಮಾತ್ರ ಉಳಿಯಿತು.

ಫೋನು ಬಡಿಯಿತು. ಅರಕೇರಿ. “ಹತ್ತೊಂಬತ್ತು ಊರಾಗ ನಿಂತದ. ಉಳದ ಹನ್ನೆರಡು ಊರಿಗೆ ಫೋನು ಹತ್ತವಲ್ದು. ನಿಮ್ಮಲ್ಲಿ?”

ಅವಳು ಹೇಳಿದಳು. 

“ಕೂಸನ್ನ ಇಲ್ಲಿಗೆ ಕರ್ಕೊಂಡು ಬರ್ರಿ. ರಕ್ತ ತೊಳದು ನೋಡೋಣ. ಇಲ್ಲೀ ತನಕಾ ಯಾರೂ ಮಾಡಿಲ್ಲ ಅದನ್ನ. ಆಗ್ತದ ಅಂತ ನಾ ಹೇಳೂದಿಲ್ಲ ನೀಲಾ ಮೇಡಂ.”

ಜೀಪು ತಿರುಗಿಸಿ ನಿಲ್ಲಿಸಿದ್ದರು. ಶಿವಲೀಲಾ ಮಗುವಿಗೆಂದು ಗಂಟು ಕಟ್ಟಿಕೊಂಡು ಬಂದಳು. ಗಂಟಿನಿಂದ ಶೇಂಗಾ ಚಟ್ನಿಯ ವಾಸನೆ ಬರುತ್ತಿತ್ತು. ಯಾರೂ ಅವಳಿಗೆ ಏನೂ ಬಿಡಿಸಿ ಹೇಳಿರಲಿಲ್ಲ. ಅವಳು ನೀಲಾಂಬಿಕಾಳ ಮುಖ ನೋಡಿ, ಗಂಟನ್ನು ಜೀಪಿನೊಳಗಿಟ್ಟಳು.

ಭರಮಪ್ಪ ಎದ್ದು ಬಂದ. ಹೆಗಲ ಮೇಲೆ ಶಾಲು ಇರಲಿಲ್ಲ. “ಒಂದ ನಿಮಿಷ ನಿಲ್ಲವಾ” ಎಂದು ಜೀಪಿನ ಬಾನೆಟ್ಟಿನ ಮೇಲೆ ಪುಸ್ತಕ ಬಿಚ್ಚಿದ. ಮಹಾರುದ್ರನ ಹೆಸರಿನ ಕೆಳಗೆ ಬೆರಳಿಟ್ಟ. “ಹೆಣ್ಣಿನ ಹೆಸರು ಬರೀಬಾರದಂತ ನಮ್ಮಪ್ಪ ಹೇಳಿದ್ದ. ನಾ ಇವತ್ತ ಬರೀತೀನಿ. ಏನವಾ ಮಗಾ ನಿನ್ನ ಹೆಸರು?”

“ಕಸ್ತೂರಿ.”

ಮುದುಕ ದುಂಡಗೆ ಬರೆದ. ಕಸ್ತೂರಿ. ಮಹಾರುದ್ರನ ಮಗಳು, ಶಿವಲೀಲಾಳ ಹೊಟ್ಟೆಯವಳು, ಗೌರವ್ವನ ಮೊಮ್ಮಗಳು. ಹುಟ್ಟಿದ ವರ್ಷ ಬರೆದ. ಅದರ ಪಕ್ಕದಲ್ಲಿ ಎರಡು ಬೆರಳಗಲ ಖಾಲಿ ಬಿಟ್ಟು ಅಡ್ಡಗೆರೆ ಎಳೆದ.

ಮಗು ಬಿಳಿ ಮುಚ್ಚಳವನ್ನು ಬಾನೆಟ್ಟಿನ ಮೇಲೆ ತಿರುಗಿಸುತ್ತ ಅದನ್ನೇ ನೋಡುತ್ತಿತ್ತು. “ಇಲ್ಲಿ ಜಾಗಾ ಯಾಕ ಬಿಟ್ಟಿ ಮುತ್ಯಾ?”

ಭರಮಪ್ಪ ಮುಖ ಮೇಲೆತ್ತಲಿಲ್ಲ.

“ಎಲ್ಲಾರಿಗೂ ಬಿಡ್ತೀನವಾ” ಎಂದ. ಬರೆದದ್ದು ಒಣಗಲೆಂದು ಪುಟದ ಮೇಲೆ ಮೆಲ್ಲಗೆ ಊದಿದ.